ಇಪ್ಪತ್ತೊಂದನೇ ಪುಟದ ಬೊಟ್ಟು

ಮೊನ್ನೆ ದೇವರ ಜಗಲಿ ಸ್ವಚ್ಛ ಮಾಡಾಕತ್ತಿದ್ದೆ. ಹಿಂದಿನ ಮೂಲ್ಯಾಗ ಅವ್ವನ ಹಳೇ ಹಿತ್ತಾಳಿ ಕುಂಕುಮದ ಭರಣಿ ಸಿಕ್ತು. ಮುಚ್ಚಳ ತಗದ್ರ ಒಳಗ ಒಣಗಿದ ಕುಂಕುಮ, ಅದರಾಗ ಚುಚ್ಚಿಟ್ಟ ಒಂದು ಕಡ್ಡಿಪೆಟ್ಟಿಗಿ ಕಡ್ಡಿ. ನೋಡಿದ ಕೂಡಲೇ ನಂಗ ನಗಿ ಬಂತು. ಆಮ್ಯಾಲೆ ಆ ನಗಿ ಅರ್ಧಕ್ಕ ನಿಂತುಬಿಡ್ತು. ಯಾಕಂತೀರಿ? ಹೇಳ್ತೇನಿ, ಸ್ವಲ್ಪ ತಾಳ್ರಿ. ಮೂವತ್ತು ವರ್ಷ ಸಾಲ್ಯಾಗ ಕಲಿಸಿದಾಕಿ ನಾನು, ಒಂದು ವಿಷಯ ನೆಟ್ಟಗ ಹೇಳೋ ರೂಢಿ ನಂಗಿಲ್ಲ.

ಆ ಕಡ್ಡಿ ಹಣಿಗೆ ಬೊಟ್ಟು ಇಡೋದಲ್ಲ. ಪುಸ್ತಕಕ್ಕ ಬೊಟ್ಟು ಇಡೋದು.

ಈಗ ನಾವಿರೋದು ದೇಶಪಾಂಡೆ ನಗರದಾಗ, ಅವ್ವ ನನ್ನ ಕೂಡ ಇರ್ತಾಳ. ಅವಾಗ ನಮ್ಮ ಮನಿ ಕಮರಿಪೇಟ್ಯಾಗ ಇತ್ತು, ಎದುರಬದುರ ಎರಡು ಸೈಕಲ್ ಬಂದ್ರ ಒಬ್ಬಾವ ಇಳೀಬೇಕು ಅಂಥ ಓಣಿ. ಓಣಿ ತುದಿಗೆ ಹಿಟ್ಟಿನ ಗಿರಣಿ, ಗಿರಣಿ ಅಟ್ಟದ ಮ್ಯಾಲೆ ಸಾರ್ವಜನಿಕ ಗ್ರಂಥಾಲಯ. ಕೆಳಗ ಗಿರಣಿ ಚಾಲೂ ಆತಂದ್ರ ಮ್ಯಾಲಿನ ಟೇಬಲ್ ಗಡಗಡ ನಡುಗೋದು, ಪೇಪರ್ ಓದೋ ಅಜ್ಜಾರ ಚಾಳೀಸು ಮೂಗಿನ ತುದಿಗೆ ಬಂದು ಕುಂದರೋದು. ಯಾವ ಪುಸ್ತಕ ಬಿಚ್ಚಿದ್ರೂ ಜೋಳದ ಹಿಟ್ಟಿನ ವಾಸನಿ. ನಮ್ಮಪ್ಪ ಒಂದು ಕಾದಂಬರಿ ಓದಿ ಕಣ್ಣು ಒರಸಿಕೊಂಡಿದ್ದ. ಅದು ದುಃಖದ್ದೋ ಹಿಟ್ಟಿಂದೋ ಅಂತ ಮನ್ಯಾಗ ಎರಡು ದಿವಸ ಚರ್ಚೆ ನಡದಿತ್ತು.

ಅಲ್ಲಿ ಕುಂದರಗಿ ಮಾಸ್ತರಂತ ಇದ್ರು, ಪುಸ್ತಕ ಕೊಡೋರು. ಅವರು ಎಂದೂ ಯಾವ ಸಾಲ್ಯಾಗೂ ಕಲಿಸಿದವರಲ್ಲ. ಆದ್ರ ಚಾಳೀಸು ಹಾಕ್ಕೊಂಡು ಕುರ್ಚಿ ಮ್ಯಾಲೆ ಕುಂತವರಿಗೆಲ್ಲ ನಮ್ಮ ಓಣಿ ಮಾಸ್ತರ ಅಂತಿತ್ತು. ಹೊಸಾ ಪುಸ್ತಕ ಬಂದ ಕೂಡಲೇ ಮಾಸ್ತರು ಮೊದಲನೇ ಪುಟಕ್ಕ ಲೈಬ್ರರಿ ಹೆಸರಿನ ಒಂದು ಶಿಕ್ಕಾ, ಇಪ್ಪತ್ತೊಂದನೇ ಪುಟಕ್ಕ ಇನ್ನೊಂದು ಶಿಕ್ಕಾ ಹೊಡೀತಿದ್ರು. ಮೊದಲಿನ ಪುಟ ಹರಕೊಂಡು ಪುಸ್ತಕ ಹೊಡಕೊಂಡು ಹೋದವನನ್ನ ಇಪ್ಪತ್ತೊಂದನೇ ಪುಟದಾಗ ಹಿಡೀಬೇಕು ಅಂತ. ಅದು ಇಲಾಖೆಯ ಗುಟ್ಟಂತ ಹೇಳ್ತಿದ್ರು. ಆ ಗುಟ್ಟು ಕಮರಿಪೇಟ್ಯಾಗ ಗೊತ್ತಿಲ್ಲದವರು ಗಿರಣಿ ಕಲ್ಲು ಒಂದ.

ಹೆಂಗಸರು ಲೈಬ್ರರಿಗೆ ಹೋಗಬಾರದು ಅಂತ ಯಾರೂ ಬೋರ್ಡ್ ಹಾಕಿರಲಿಲ್ಲ. ಆದ್ರ ಯಾರೂ ಹೋಗ್ತಿರಲಿಲ್ಲ. ಕಟಗಿ ಏಣಿ ಹತ್ತಬೇಕು, ಹತ್ತಿದ್ರ ಇಪ್ಪತ್ತು ಮಂದಿ ಗಂಡಸರು ಪೇಪರ್ ಕೆಳಗ ಇಳಿಸಿ ನೋಡ್ತಾರ, ಸೆರಗು ಹಿಡೀಬೇಕೋ ಏಣಿ ಹಿಡೀಬೇಕೋ? ಹಿಂಗಾಗಿ ಓದೋರು ಹೆಂಗಸರು, ಹೊರೋರು ನಾವು ಹುಡುಗೂರು. ಅಪ್ಪನ ಹೆಸರಿನ ಕಾರ್ಡ್ ತಗೊಂಡು ನಾ ಹೋಗೋದು, ಮಾಸ್ತರ ಕೊಟ್ಟಿದ್ದು ತರೋದು. ಅವ್ವ ಒಲಿ ಮುಂದ ಕುಂತು ಓದೇ ಓದೋಳು. ರೊಟ್ಟಿ ಒಂದು ಮಗ್ಗಲ ಕರ್ರಗಾದ್ರ ಕಥಿ ಛಲೋ ಐತಿ ಅಂತ ನಮಗ ಗೊತ್ತಾಗ್ತಿತ್ತು.

ಒಂದ ತ್ರಾಸು. ನಾ ತಂದ ಪುಸ್ತಕ ಅವ್ವ ಮೊದಲ ಓದಿದ್ದಳೋ ಇಲ್ಲೋ ನಂಗೇನು ಗೊತ್ತು? ಒಮ್ಮೊಮ್ಮೆ ಅಕಿಗೂ ಗೊತ್ತಾಗ್ತಿರಲಿಲ್ಲ. ನಲವತ್ತು ಪುಟ ಓದಿ, "ಅಯ್ಯ, ಇಕಿ ಮುಂದ ಬಾವಿಗೆ ಬೀಳ್ತಾಳಲ್ಲ, ನಂಗ ಗೊತ್ತೈತಿ ಇದು" ಅಂತ ಹಣಿ ಬಡಕೋತಿದ್ಲು. ಅದಕ್ಕ ಓಣಿ ಹೆಂಗಸರು ಕೂಡಿ ಒಂದು ಉಪಾಯ ತಗದ್ರು. ಓದಿ ಮುಗಿಸಿದ ಮ್ಯಾಲೆ ಇಪ್ಪತ್ತೊಂದನೇ ಪುಟದಾಗ, ಮಾಸ್ತರ ಶಿಕ್ಕಾದ ಕೆಳಗ, ತಮ್ಮ ತಮ್ಮ ಗುರುತು ಇಡಬೇಕು. ಅವ್ವಂದು ಕುಂಕುಮದ ಬೊಟ್ಟು, ಕಡ್ಡಿ ತುದೀಲೆ ಇಟ್ಟಿದ್ದು, ಸಾಸಿವಿಯಷ್ಟ. ಎದುರಿನ ಮನಿ ಶಾಂತಕ್ಕಂದು ಅರಿಶಿಣ. ಹಳೇ ಹುಬ್ಬಳ್ಳಿಯಿಂದ ಲಗ್ನ ಆಗಿ ಬಂದಿದ್ದ, ಮಗ್ಗಲ ಮನಿ ಖೈರುನ್ ಚಾಚೀದು ಮೆಹಂದಿ. ಪುಸ್ತಕ ಬಂದ ಕೂಡಲೇ ಮೊದಲ ಇಪ್ಪತ್ತೊಂದನೇ ಪುಟ ನೋಡೋದು, ತಮ್ಮ ಗುರುತು ಇದ್ದರ ವಾಪಸ್.

ಮಾಸ್ತರು ಮೊದಮೊದಲ ನಮ್ಮ ಮ್ಯಾಲೆ ಹಾರಾಡಿದ್ರು. "ಇದೇನ ಪುಸ್ತಕನೋ, ಬಾಗಲ ಹೊಸ್ತಿಲಾನೋ?" ಅಂತಿದ್ರು. ಆಮ್ಯಾಲೆ ಅವರೂ ಶಾಣ್ಯಾರಾದ್ರು. ಯಾವ ಪುಸ್ತಕಕ್ಕ ಮೂರು ಬಣ್ಣ ಬಿದ್ದಾವೋ ಅದು ಛಲೋ ಪುಸ್ತಕ ಅಂತ ತಿಳಕೊಂಡು, ಆ ಬರಿಯೋರದ ಇನ್ನೊಂದಿಷ್ಟು ತರಸ್ತಿದ್ರು. ಹಂಗ ನೋಡಿದ್ರ ನಮ್ಮ ಲೈಬ್ರರಿ ನಡಸಿದವರು ಅದರ ಏಣಿ ಒಂದು ದಿನಾನೂ ಹತ್ತದ ಆ ಮೂರು ಮಂದಿ ಹೆಂಗಸರು.

ಲೈಬ್ರರಿ ಅಲ್ಲೇ ಇದ್ದುಬಿಡ್ತೇನು? ಅಟ್ಟದ ತೊಲಿ ಬಾಗಿದ್ವು ಅಂತ ಅದನ್ನ ಕುಸ್ತಿ ಕಲಿಸೋ ಗರಡಿಮನಿ ಮಗ್ಗಲ ಖೋಲಿಗೆ ಒಯ್ದ್ರು. ಹಿಟ್ಟಿನ ವಾಸನಿ ಹೋಗಿ ಕೆಂಪು ಮಣ್ಣು ಬಂತು. ಪೈಲ್ವಾನರು ಸಾಮು ಮುಗಿಸಿ ಮೈ ಒರಸಿಕೋತ ಬಂದು, ಮಕ್ಕಳ ಮಾಸಿಕ ಹಿಡಕೊಂಡು ತುಟಿ ಅಲುಗಾಡಿಸಿಕೋತ ಓದೋದನ್ನ ನಾ ಕಣ್ಣಾರೆ ನೋಡೇನಿ. ಅಲ್ಲಿಂದ ಸಮುದಾಯ ಭವನಕ್ಕ ಹೋತು. ಅಲ್ಲಿ ಲಗ್ನ ಇದ್ದ ದಿನ ಲೈಬ್ರರಿಗೆ ಸೂಟಿ. ಒಮ್ಮೆ ಬೀಗರ ಊಟದ ಪಂಕ್ತಿ ನಮ್ಮ ಕಪಾಟಿನ ತನಕ ಬಂದು, ಇತಿಹಾಸದ ಒಂದು ದೊಡ್ಡ ಗ್ರಂಥದ ಮ್ಯಾಲೆ ಬುಂದೆ ಉಂಡಿ ತಾಟು ಇಟ್ಟಿದ್ರು. ಆ ಎಣ್ಣಿ ಕಲಿ ಇನ್ನೂ ಐತಿ. ಈಗಂತೂ ಲೈಬ್ರರಿಗೆ ಸ್ವಂತ ಕಟ್ಟಡ, ಫ್ಯಾನು, ಕಂಪ್ಯೂಟರು, ಗಾಲಿಕುರ್ಚಿ ಹೋಗೋ ಇಳಿಜಾರು ಎಲ್ಲಾ ಆಗೇತಿ.

ನೋಡ್ರಿ, ಎಲ್ಲೋ ಹೋಗಿಬಿಟ್ಟೆ. ಕಡ್ಡಿ ಕಥಿ ಹೇಳಬೇಕಿತ್ತು. ಹೇಳಾಕ ಅಂಜಿಕಿ ಬರ್ತೈತಿ, ಅದಕ್ಕ ಲಗ್ನದೂಟ ಮಾಡಿ ಬಂದೆ.

ನಾ ಹನ್ನೊಂದು ವರ್ಷದಾಕಿ ಇದ್ದಾಗ ಮಾಸ್ತರು ಒಂದು ದಪ್ಪ ಪುಸ್ತಕ ಕೊಟ್ರು. ನೀಲಿ ರಟ್ಟು, ತಲಿದಿಂಬಿನಷ್ಟು ದಪ್ಪ. ಸಮುದ್ರದ ದಂಡಿ ಮ್ಯಾಲಿನ ಒಂದು ಊರಿನ ಕಥಿ ಅಂತ. "ಶಾಂತಕ್ಕ, ಖೈರುನ್ ಇಬ್ಬರೂ ಓದ್ಯಾರ. ನಿಮ್ಮವ್ವಗ ಹೇಳು, ಬಿಡಬ್ಯಾಡ್ರಿ ಅಂತ" ಅಂದ್ರು. ನಂಗದು ಬ್ಯಾಡಾಗಿತ್ತು. ಹೊತ್ತು ತರೋ ವಜ್ಜಿ ಅನ್ನೋದು ಒಂದು. ಅದಕ್ಕಿಂತ ದೊಡ್ಡದು ಏನಂದ್ರ, ಒಂದು ಕಾರ್ಡಿಗೆ ಒಂದ ಪುಸ್ತಕ. ತೆಳ್ಳಂದಾದ್ರ ಮೂರು ದಿನಕ್ಕ ಬದಲಿ ಮಾಡಾಕ ಹೋಗೋದು, ಹೋದಾಗ ಅಲ್ಲೇ ಕುಂತು ಮಕ್ಕಳ ಮಾಸಿಕ ಓದೋದು, ಮನಿಗೆಲಸ ತಪ್ಪೋದು. ಈ ನೀಲಿ ಭೂತ ಮನಿ ಹೊಕ್ಕರ ಅವ್ವ ಇಪ್ಪತ್ತು ದಿನ ಬಿಡೂದಿಲ್ಲ. ಮಾಸಿಕದಾಗಿನ ನನ್ನ ಧಾರಾವಾಹಿ ಗತಿ ಏನು? ಅದರಾಗ ಒಂದು ಮಂಗ್ಯಾ ಕಳದುಹೋಗಿತ್ತು, ಇನ್ನೂ ಸಿಕ್ಕಿರಲಿಲ್ಲ.

ಅವ್ವ ಅಡಗಿಮನ್ಯಾಗ ರೊಟ್ಟಿ ಬಡಿಯಾಕತ್ತಿದ್ಲು. ಆ ಡಪ್ ಡಪ್ ಸಪ್ಪಳ ನಿಲ್ಲೋದರೊಳಗ ನಾ ಜಗಲಿ ಮುಂದ ಕುಂತು, ಭರಣಿ ಬಿಚ್ಚಿ, ಕಡ್ಡಿ ತಗೊಂಡು, ಇಪ್ಪತ್ತೊಂದನೇ ಪುಟಕ್ಕ ಒಂದು ಬೊಟ್ಟು ಇಟ್ಟುಬಿಟ್ಟೆ. ಗಡಿಬಿಡ್ಯಾಗ ಬೊಟ್ಟು ಕಡ್ಲಿಕಾಳಿನಷ್ಟಾತು. ಊದಿ ಆರಿಸಿ ಅವ್ವಗ ಕೊಟ್ಟೆ. ಅಕಿ ಹಿಟ್ಟಿನ ಕೈಲೇ ಪುಟ ತಗದ್ಲು. "ಹೌದೇನು, ಓದೇನಿ ಇದನ್ನ?" ಅಂದ್ಲು. ಪುಸ್ತಕ ಮುಚ್ಚಿ, "ನಾಳೆ ಬದಲಿ ಮಾಡಿಕೊಂಡು ಬಾ" ಅಂದ್ಲು. ನಾ ಕುಣಕೋತ ಹೋದೆ. ಮಂಗ್ಯಾನೂ ಸಿಕ್ತು.

ಅಷ್ಟಕ್ಕ ಮುಗಿದಿದ್ರ ಬರ್ಯೋದೇನಿತ್ತು? ಮಧ್ಯಾಹ್ನ ಕಟ್ಟಿ ಮ್ಯಾಲೆ ಅಕ್ಕಿ ಹಸನ ಮಾಡಿಕೋತ ಶಾಂತಕ್ಕ, ಚಾಚಿ ಇಬ್ಬರೂ ಆ ನೀಲಿ ಪುಸ್ತಕದ ಮಾತ ಆಡೋರು. ಹಡಗ ಹೊಂಟು ಹೋದದ್ದು, ಆ ದರ್ಜಿ ಹೆಂಡ್ತಿ ದಂಡಿ ಮ್ಯಾಲೆ ನಿಂತದ್ದು. "ಗಿರಿಜಕ್ಕಾ, ನಿಮಗ ಹೆಂಗನಿಸ್ತು?" ಅಂತ ಚಾಚಿ ಕೇಳಿದ್ರ ಅವ್ವ ಮೊರದಾಗ ಮುಖ ಹಾಕಿ, "ಛಲೋ ಐತೆವಾ" ಅಂತಿದ್ಲು. ಎಲ್ಲದಕ್ಕೂ ಮೊದಲ ಬಾಯಿ ಹಾಕೋ ನಮ್ಮವ್ವ ಸುಮ್ಮನ ಕುಂತಿದ್ದು ನಂಗ ಕಾಣ್ತಿತ್ತು. ಕಂಡ್ರೂ ನಾ ಬಾಯಿ ಬಿಡಲಿಲ್ಲ. ಅವತ್ತಿನ ನನ್ನ ಮ್ಯಾಲೆ ಇವತ್ತೂ ನಂಗ ಸಿಟ್ಟು ಬರ್ತೈತಿ.

ಈಗ ಅವ್ವಗ ಎಂಬತ್ಮೂರು. ಕಣ್ಣಿನ ಪೊರಿ ತಗಸೇವಿ, ಕಣ್ಣು ಸ್ವಚ್ಛ ಅದಾವ. ಕಿವೀನೂ ಬೇಕಾದ್ದನ್ನ ಕೇಳ್ತಾವ. ಆದ್ರ ಹೋದ ದೀಪಾವಳಿಯಿಂದ ಅಕಿ ಓದೋದು ಬಿಟ್ಟುಬಿಟ್ಲು. ಪೇಪರ್ ಸೈತ ಮಡಚಿ ಇಡ್ತಾಳ. ಒಂದು ದಿನ ಯಾರದೋ ಹೆಸರು ನೆನಪಾಗಲಿಲ್ಲಂತ ಶುರುವಾತು. ಡಾಕ್ಟರು ಹತ್ತು ಪ್ರಶ್ನಿ ಕೇಳಿ, "ನಿಮಗಿಂತ ಅಜ್ಜೀದ ಛಲೋ ಐತಿ" ಅಂತ ನಂಗಂದ್ರು. ಅವ್ವ ನಂಬಲಿಲ್ಲ. ನಾ ಭರಣಿ ಹಿಡಕೊಂಡು ಅಕಿ ಹಂತ್ಯಾಕ ಹೋದೆ.

"ನೋಡವಾ ಏನ ಸಿಕ್ಕೇತಿ. ಮತ್ತ ಲೈಬ್ರರಿಯಿಂದ ಒಂದು ಪುಸ್ತಕ ತರಲೇನು?"

"ಬ್ಯಾಡ. ಓದಿ ಏನ ಉಪಯೋಗ, ತಲ್ಯಾಗ ನಿಲ್ಲೋದಿಲ್ಲ."

"ಯಾರಂದ್ರು ನಿಲ್ಲೋದಿಲ್ಲಂತ?"

"ಯಾರರ ಯಾಕ ಹೇಳಬೇಕು? ಮೂವತ್ಮೂರರ ವಯಸ್ಸಿನಾಗ ಅಷ್ಟು ದಪ್ಪ ಪುಸ್ತಕ ಓದಿ ಬೊಟ್ಟು ಇಟ್ಟೇನಿ, ಒಂದ ಸಾಲು ನೆನಪಿಲ್ಲ. ಆ ನೀಲಿ ಪುಸ್ತಕ. ಅವಾಗಿಂದನ ನನ್ನ ತಲೀಗೆ ತೂತು ಬಿದ್ದೈತಿ ಸುಮೀ. ಯಾರಿಗೂ ಹೇಳಿರಲಿಲ್ಲ. ಈಗ ತೂತು ದೊಡ್ಡದಾಗೇತಿ, ಅಷ್ಟ."

ಆಗಿಂದ ಈಗಿನ ತನಕ ನಮ್ಮವ್ವ ತನ್ನ ತಲಿ ಮ್ಯಾಲೆ ತಾನ ಸಂಶಯ ಪಟಗೋತ ಬಂದಾಳ, ಅದೂ ಒಂದು ಮಂಗ್ಯಾನ ಸಲುವಾಗಿ! ಅಲ್ಲೇ ಹೇಳಬೇಕಿತ್ತು. ಆದ್ರ ಬರೇ ಬಾಯಿ ಮಾತಿಗೆ ಅಕಿ ನಂಬೂದಿಲ್ಲ. "ನನ್ನ ಸಮಾಧಾನಕ್ಕ ಸುಳ್ಳು ಹೇಳಾಕತ್ತಿ" ಅಂತಾಳ. ಪುಸ್ತಕನ ಬೇಕು, ಸಾಕ್ಷಿಗೆ.

ಮರುದಿನ ಲೈಬ್ರರಿಗೆ ಹೋದೆ. ಅಲ್ಲಿ ಸವಿತಾ ಅಂತ ಹುಡುಗಿ, ಪುಸ್ತಕ ನೋಡಿಕೊಳ್ಳೋಕಿ, ಸಾಲ್ಯಾಗ ನನ್ನ ಕಡೆ ಏಳನೇ ಇಯತ್ತೆ ಕಲತಾಕಿ. ಹಳೇ ಪುಸ್ತಕ ಎಲ್ಲಾ ಹಿಂದಿನ ಖೋಲ್ಯಾಗ ಗೋಣಿಚೀಲದಾಗ ತುಂಬಿಟ್ಟಿದ್ರು. ಭಾಳ ಹರದು ಹೋದದ್ದನ್ನ ತಗದು ಹಾಕೋ ಕೆಲಸ ನಡದಿತ್ತು. "ಹೆಸರ ಹೇಳ್ರಿ ಟೀಚರ್, ಕಂಪ್ಯೂಟರ್‌ನ್ಯಾಗ ನೋಡ್ತೇನಿ" ಅಂದ್ಲು.

"ಹೆಸರು ಗೊತ್ತಿಲ್ಲವಾ. ನೀಲಿ ರಟ್ಟು. ಇಪ್ಪತ್ತೊಂದನೇ ಪುಟದಾಗ ಕುಂಕುಮ."

ಸವಿತಾ ನನ್ನ ಮಾರಿ ನೋಡಿದ್ಲು. ಟೀಚರ್‌ಗ ವಯಸ್ಸಾತು ಅಂದುಕೊಂಡಿರಬೇಕು. ಆದ್ರೂ ಬಂದು ನನ್ನ ಕೂಡ ನೆಲಕ್ಕ ಕುಂತ್ಲು. ಒಂದೊಂದ ಪುಸ್ತಕ ತಗಿಯೋದು, ಇಪ್ಪತ್ತೊಂದು ನೋಡೋದು. ಮೂರನೇ ಪುಸ್ತಕದಾಗ ಅರಿಶಿಣ ಸಿಕ್ತು. ಆಮ್ಯಾಲೆ ಮೆಹಂದಿ. ಆಮ್ಯಾಲೆ ಅವ್ವನ ಸಾಸಿವಿಯಂಥ ಬೊಟ್ಟು. ಏನ ಹೇಳಲಿ ನಿಮಗ, ಬಣ್ಣ ಮಾಸಿತ್ತು, ಆದ್ರ ಮೂರೂ ಮಂದಿ ಸಾಲಾಗಿ ಕಟ್ಟಿ ಮ್ಯಾಲೆ ಕುಂತಂಗ ಇತ್ತು. ನಂಗ ಖುಷೀಲೆ ಕಣ್ಣಾಗ ನೀರು ಬಂತು. ಈ ಸಲ ಹಿಟ್ಟಿನ ಮ್ಯಾಲೆ ಹಾಕೋಹಂಗಿರಲಿಲ್ಲ. "ಇದೇನ್ರಿ ಟೀಚರ್, ಪುಸ್ತಕಕ್ಕ ಪೂಜಿ ಮಾಡ್ಯಾರ!" ಅಂತ ಸವಿತಾ ನಗಾಕತ್ಲು. ಎಲ್ಲಾ ಕಥಿ ಹೇಳಿದೆ. ಆಕಿಗೆ ಎಂಥಾ ಹುರುಪು ಬಂತಂದ್ರ, ಗೋಣಿಚೀಲ ಬೋರಲ ಹಾಕಿ ಸುರದ್ಲು. ಐದನೇ ಚೀಲದ ತಳದಾಗ ಇತ್ತು ನೀಲಿ ಭೂತ. ಬೆನ್ನು ಕಿತ್ತಿತ್ತು, ಪುಟ ಎಲ್ಲಾ ಇದ್ವು. ಇಪ್ಪತ್ತೊಂದಕ್ಕ ಅರಿಶಿಣ, ಮೆಹಂದಿ, ಮತ್ತ ಕಡ್ಲಿಕಾಳಿನಷ್ಟು ಸೊಟ್ಟನ್ನ ಕುಂಕುಮ. ಕಳ್ಳರ ಸಹಿ ಹಂಗ ಇರ್ತೈತಿ ನೋಡ್ರಿ, ಖರೇದಕ್ಕಿಂತ ದೊಡ್ಡದು. ಆ ಪುಸ್ತಕದ ಜೊತಿಗೆ ಅವ್ವನ ಸಣ್ಣ ಬೊಟ್ಟಿನ ಇನ್ನೊಂದು ಪುಸ್ತಕಾನೂ ನನ್ನ ಕಾರ್ಡಿನ ಮ್ಯಾಲೆ ಬರಿಸಿಕೊಂಡೆ.

ಮನಿಗೆ ಬಂದು ಎರಡೂ ಅವ್ವನ ತೊಡಿ ಮ್ಯಾಲೆ ಇಟ್ಟೆ. ಅಕಿ ಕೈ ತಾನ ಇಪ್ಪತ್ತೊಂದಕ್ಕ ಹೋತು. "ನೋಡು, ಹೇಳಿದ್ನಿಲ್ಲ? ಐತಿ ಬೊಟ್ಟು" ಅಂದ್ಲು.

"ಅವ್ವಾ, ಅದು ನಿಂದಲ್ಲ. ನಾ ಇಟ್ಟಿದ್ದು. ನೀ ಆ ಪುಸ್ತಕ ಓದೇ ಇಲ್ಲ."

ಅವ್ವ ಭೂತಗನ್ನಡಿ ತಗೊಂಡು ಆ ಬೊಟ್ಟು ನೋಡಿದ್ಲು, ಈ ಬೊಟ್ಟು ನೋಡಿದ್ಲು, ಮತ್ತ ಆ ಬೊಟ್ಟು. ನಾ ಅರವತ್ತೊಂದು ವರ್ಷದಾಕಿ, ಶಿಕ್ಷಕಿ ಆಗಿ ನಿವೃತ್ತಿ ಆದಾಕಿ, ಕೈ ಕಟಗೊಂಡು ನಿಂತಿದ್ದೆ.

"ಇಷ್ಟು ದೊಡ್ಡ ಬೊಟ್ಟು ನಾ ಜನ್ಮದಾಗ ಇಟ್ಟಿಲ್ಲ" ಅಂದ್ಲು ಕಡೀಕ. ಆಮ್ಯಾಲೆ ಸಣ್ಣ ದನಿಲೆ, "ಅಂದ್ರ ನನ್ನ ತಲಿ ನೆಟ್ಟಗ ಇತ್ತೇನ?"

"ನೆಟ್ಟಗಿತ್ತವಾ. ಈಗೂ ಐತಿ. ತೂತು ನಾ ಮಾಡಿದ್ದು."

"ಯಾಕ ಮಾಡಿದಿ?"

"ಮಾಸಿಕದಾಗಿನ ಮಂಗ್ಯಾ ಕಳದುಹೋಗಿತ್ತು."

ಅವ್ವ ನನ್ನ ಕಿವಿ ಹಿಡದು ಹಿಂಡಿದ್ಲು ನೋಡ್ರಿ, ಎಂಬತ್ಮೂರರ ಕೈಯಾಗ ಅಷ್ಟು ಕಸುವು ಇರ್ತೈತಂತ ನಂಗ ಗೊತ್ತಿರಲಿಲ್ಲ. "ಖೋಡೀ! ಮಂಗ್ಯಾ ಕಳದುಹೋಗಿತ್ತಂತ, ಮಂಗ್ಯಾ ನನ್ನ ಮನ್ಯಾಗ ಇತ್ತು!" ಹಿಂಡಿಕೋತನ ನಗಾಕತ್ಲು. ಹೊಟ್ಟಿ ಹಿಡಕೊಂಡು, ಹಲ್ಲಿನ ಸೆಟ್ ಕೈಯಾಗ ತಗದಿಟಗೊಂಡು ನಕ್ಲು. ನಾನೂ ನಕ್ಕೆ, ಕಿವಿ ತಿಕ್ಕಿಕೋತ.

"ಫೋನ್ ಹಚ್ಚು ಖೈರುನ್‌ಗ" ಅಂದ್ಲು. ಶಾಂತಕ್ಕ ತೀರಿಕೊಂಡು ಭಾಳ ವರ್ಷಾತು. ಚಾಚಿ ಈಗ ಹಳೇ ಹುಬ್ಬಳ್ಳ್ಯಾಗ ತಮ್ಮ ತವರುಮನಿ ಓಣ್ಯಾಗ, ಮಗಳ ಕಡೆ ಅದಾರ. ಫೋನ್ ಹಚ್ಚಿ ಸ್ಪೀಕರ್ ಮ್ಯಾಲೆ ಇಟ್ಟೆ.

"ಖೈರುನ್, ಆ ನೀಲಿ ಪುಸ್ತಕ ನಾ ಓದಿರಲೇ ಇಲ್ಲವಾ! ಸುಮ್ಮಸುಮ್ಮನ ಛಲೋ ಐತಿ ಅಂತಿದ್ದೆ. ಈಗ ಕೈಯಾಗ ಐತಿ."

"ಯಾ ಅಲ್ಲಾ! ಖರೇನ? ಗಿರಿಜಕ್ಕಾ, ನಂಗ ಅದರ ಕೊನಿ ಮರತು ಹೋಗೇತ್ರಿ. ಹಡಗ ವಾಪಸ್ ಬಂತೋ ಇಲ್ಲೋ? ಲಗೂ ಓದಿ ಹೇಳ್ರಿ."

ಅವ್ವನ ಮಾರಿ ಹೆಂಗರಳಿತು ಅಂತೀರಿ! ಎಲ್ಲಾ ನೆನಪಿಟ್ಟ ಖೈರುನ್‌ಗ ಮರತೈತಿ, ಈಗ ತಾ ಹೇಳಬೇಕು. ಆವತ್ತಿಂದ ದಿನಾ ಊಟ ಆದ ಮ್ಯಾಲೆ ಓದೋದು, ಚಹಾದ ಹೊತ್ತಿಗೆ ಫೋನ್ ಹಚ್ಚಿ ಚಾಚಿಗೆ ಹೇಳೋದು. ಒಂದು ಹೆಸರು ಬಿಡಂಗಿಲ್ಲ, ದರ್ಜಿ ಹೆಂಡ್ತಿ ಸೀರಿ ಬಣ್ಣ ಸೈತ. ಇಬ್ಬರೂ ಸಮುದ್ರ ಕಂಡವರಲ್ಲ. ಆದ್ರ ತೆರಿ ಹೆಂಗ ಬರ್ತಾವಂತ ಅರ್ಧ ತಾಸು ವಾದ ಮಾಡ್ತಿದ್ರು. ಮೊದಲನೇ ದಿನ ಹೇಳಿದ್ದನ್ನ ಹದಿನೈದನೇ ದಿನ ಚಾಚಿ ತಪ್ಪು ಹೇಳಿದ್ರ, "ಅಲ್ಲವಾ, ಅವ ಆ ದರ್ಜೀ ತಮ್ಮ" ಅಂತ ಅವ್ವ ಇಲ್ಲಿಂದ ತಿದ್ದೋಳು. ಹಡಗ ವಾಪಸ್ ಬಂತು. ಅವತ್ತು ನಮ್ಮ ಮನ್ಯಾಗ ಸಿಹಿ ಅಂತ ಬೆಲ್ಲದ ಮಾದಲಿ ಮಾಡಿದ್ವಿ, ಚಾಚಿ ಮನಿಗೂ ಡಬ್ಬಿ ಹೋತು.

ಮುಗಿಸಿದ ದಿನ ಅವ್ವ ಭರಣಿ ಬೇಡಿದ್ಲು. ಕುಂಕುಮಕ್ಕ ಒಂದು ಹನಿ ಎಣ್ಣಿ ಹಾಕಿ, ನನ್ನ ಕಡ್ಲಿಕಾಳಿನ ಮಗ್ಗಲಿಗೆ ಸಾಸಿವಿಯಂಥ ಬೊಟ್ಟು ಇಟ್ಲು. ಆ ಮ್ಯಾಲೆ ಕಡ್ಡಿ ಒರಸಿ, ಭರಣ್ಯಾಗ ಇಡಲಿಲ್ಲ, ಸೆರಗಿನ ತುದಿಗೆ ಗಂಟು ಹಾಕಿಕೊಂಡ್ಲು. "ನಿನ್ನ ಕೈಗೆ ಸಿಗಬಾರದು" ಅಂದ್ಲು. "ನಾಳೆ ನಾನೂ ಬರ್ತೇನಿ ಲೈಬ್ರರಿಗೆ."

ಹಂಗ ನಮ್ಮವ್ವ ಜೀವನದಾಗ ಮೊದಲನೇ ಸಲ ಲೈಬ್ರರಿ ಹೊಸ್ತಿಲ ದಾಟಿದ್ಲು. ಇಳಿಜಾರಿನ ಮ್ಯಾಲೆ ಒಂದು ಕೈ ಕಂಬಿ ಹಿಡದು, ಇನ್ನೊಂದು ಕೈಲೆ ಸೆರಗು ಹಿಡದು. ಪೇಪರ್ ಓದೋ ಮಂದಿ ಪೇಪರ್ ಕೆಳಗ ಇಳಿಸಿ ನೋಡಿದ್ರು. ಅವ್ವ ಅವರನ್ನ ತಿರುಗಿ ನೋಡಿದ್ಲು. ಒಬ್ಬರು ಎದ್ದು, "ಬರ್ರಿ ಅಮ್ಮಾರ, ಕುಂದರ್ರಿ" ಅಂತ ಕುರ್ಚಿ ಬಿಟ್ಟುಕೊಟ್ರು. ಸವಿತಾ ಬೊಟ್ಟಿನ ಪುಸ್ತಕ ಎಲ್ಲಾ ಬ್ಯಾರೆ ಮಾಡಿ ಒಂದು ಕಪಾಟಿನಾಗ ಜೋಡಿಸಿದ್ಲು. ಅದನ್ನ ನೋಡಿ ಅವ್ವ, "ಶಾಂತಾ ಇರಬೇಕಿತ್ತು" ಅಂತ ಒಂದ ಮಾತು ಅಂದ್ಲು. ಆಮ್ಯಾಲೆ ಅವ್ವನ ಹೆಸರಿಲೆ, ಗಿರಿಜವ್ವ ಅಂತ, ಹೊಸಾ ಕಾರ್ಡ್ ಆತು.

ಅಕಿ ಕಪಾಟಿನ ಸಾಲು ಸಾಲು ತಿರಗ್ಯಾಡಿದ್ಲು. ಪುಸ್ತಕದ ಹೆಸರು ನೋಡಲಿಲ್ಲ, ಬರದವರನ್ನ ನೋಡಲಿಲ್ಲ. ಬೆರಳಿಲೆ ದಪ್ಪ ಅಳದು ನೋಡಿಕೋತ ಹೊಂಟ್ಲು. ಕಡೀಕ ಇಡೀ ಲೈಬ್ರರ್ಯಾಗ ಎಲ್ಲಾದಕ್ಕಿಂತ ದಪ್ಪ ಇರೋದನ್ನ ಎಳದು ತಗದ್ಲು. ಇಪ್ಪತ್ತೊಂದನೇ ಪುಟ ಬಿಚ್ಚಿ, ಸ್ವಚ್ಛ ಐತಿ ಅಂತ ಖಾತ್ರಿ ಮಾಡಿಕೊಂಡು, ನನ್ನ ಎದಿಗೆ ಒತ್ತಿದ್ಲು.

"ಇಷ್ಟು ವಜ್ಜೀದಾ? ತೆಳ್ಳಂದು ತಗೊಳ್ಳವಾ, ನನ್ನ ಮೊಣಕಾಲು ನೋಯ್ತಾವ" ಅಂದೆ.

"ಹಿಡಿ" ಅಂದ್ಲು. "ಆ ಸಲ ಓದಾಕ ಬಿಡಲಿಲ್ಲಲ್ಲ, ಈಗ ಹೊರು."

ನಾ ಹಿಡಕೊಂಡೆ. ಅವ್ವ ಬರೇ ಕೈ ಬೀಸಿಕೋತ, ಸೆರಗಿನ ಗಂಟು ಮುಟ್ಟಿ ನೋಡಿಕೋತ, ನನ್ನ ಮುಂದ ಹೊಂಟ್ಲು.